ಆಟಿಸಂ ಇರುವ ಮಗುವಿನೊಂದಿಗೆ ಹೊರಗೆ ಹೋಗುವುದು: ಪಾಲಕರ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಆಟಿಸಂ, ಅಂದರೆ ಮಾತು, ಬೆರೆಯುವಿಕೆ, ವರ್ತನೆಗಳಲ್ಲಿ ಕಾಣುವ ಮಿದುಳಿನ ಬೆಳವಣಿಗೆಯ ಭಿನ್ನತೆ, ಇರುವ ಮಗುವನ್ನು ಹೊರಗೆ ಕರೆದುಕೊಂಡು ಹೋಗುವ ತಂದೆತಾಯಿಗೆ ಎರಡು ಬಗೆಯ ಬುದ್ಧಿಮಾತು ಧಾರಾಳವಾಗಿ ಸಿಗುತ್ತದೆ. "ನಾಲ್ಕು ಬಿಗಿದರೆ ಎಲ್ಲಾ ಸರಿಹೋಗುತ್ತೆ" ಎನ್ನುವುದು ಒಂದು. "ಪಾಪ, ಅದಕ್ಕೇನು ಗೊತ್ತಾಗುತ್ತೆ, ಬಿಟ್ಟುಬಿಡಿ" ಎನ್ನುವುದು ಇನ್ನೊಂದು. ಮೊದಲನೆಯದು ಮಗುವಿನ ಸಂಕಟವನ್ನೇ ಅಪರಾಧವೆಂದು ಕಾಣುತ್ತದೆ. ಎರಡನೆಯದು ಕನಿಕರದ ಮಾತಿನಂತೆ ಕೇಳಿಸಿದರೂ ಆ ಮಗು ಏನನ್ನೂ ಕಲಿಯಲಾರದು ಎಂಬ ತೀರ್ಪನ್ನು ಮೊದಲೇ ಕೊಟ್ಟುಬಿಟ್ಟಿರುತ್ತದೆ. ಇವೆರಡನ್ನೂ ಬದಿಗಿಟ್ಟು, ಪಾಲಕರು ಯಾವುದಕ್ಕೆ ಹೊಣೆಗಾರರು, ಯಾವುದಕ್ಕೆ ಅಲ್ಲ ಎಂಬುದನ್ನು ಸ್ಪಷ್ಟಪಡಿಸಿಕೊಂಡು, ಅದರಂತೆ ಮನೆಯಿಂದ ಹೊರಡುವ ಮೊದಲು, ಹೊರಗಿರುವಾಗ ಮತ್ತು ಹಿಂದಿರುಗಿದ ಮೇಲೆ ಮಾಡಬೇಕಾದ ಕೆಲಸಗಳನ್ನು ಇಲ್ಲಿ ವಿವರಿಸಲಾಗಿದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಹಾಗೇಕೆ ವರ್ತಿಸಿತು ಎಂಬುದಕ್ಕೆ ಆಟಿಸಂ ಕಾರಣ ಕೊಡುತ್ತದೆ. ಆದರೆ ಆ ವರ್ತನೆಯಿಂದ ಇನ್ನೊಬ್ಬರಿಗೆ ಆದ ನೋವನ್ನು ಅದು ಅಳಿಸುವುದಿಲ್ಲ. ಆ ನೋವಿನ ಹೊಣೆಯನ್ನು ಪಾಲಕರು ಹೊರಲೇಬೇಕು. ಮಗು ಹಾಗೆ ಹುಟ್ಟಿದ್ದಕ್ಕೆ ಮಾತ್ರ ಅವರು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ. ತಾಯಿಯನ್ನು ದೂರುವ ಚಾಳಿ ನೆರೆಹೊರೆಯವರಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಅನ್ನು ವಿವರಿಸಿದ ನಂತರದ ಎರಡು ದಶಕಗಳ ಕಾಲ ತಾಯಿಯ ಪ್ರೀತಿಯ ಕೊರತೆಯೇ ಅದಕ್ಕೆ ಕಾರಣವೆಂದು ದೊಡ್ಡ ದೊಡ್ಡ ತಜ್ಞರೇ ಹೇಳುತ್ತಿದ್ದರು. ಆಟಿಸಂ ಇದ್ದ ಮಗನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಆ ವಾದವನ್ನು ಖಂಡಿಸಿ, ಮಿದುಳು ಮತ್ತು ನರಮಂಡಲದ ಬೆಳವಣಿಗೆಯತ್ತ ಗಮನ ಸೆಳೆದರು. ವಿಜ್ಞಾನ ಅಂದು ಕೈಬಿಡತೊಡಗಿದ ಆರೋಪ ಮದುವೆ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಹೆಜ್ಜೆ 1: ವರ್ತನೆಗಳನ್ನು ಮೂರಾಗಿ ವಿಂಗಡಿಸಿ

ಒಂದು ಹಾಳೆ ತೆಗೆದುಕೊಂಡು, ಹೊರಗೆ ಹೋದಾಗ ನಿಮ್ಮ ಮಗು ಮಾಡುವ, ನಿಮಗೆ ಮುಜುಗರ ತರುವ ಎಲ್ಲವನ್ನೂ ಬರೆಯಿರಿ. ಅನಂತರ ಪ್ರತಿಯೊಂದರ ಎದುರಿಗೂ ಇದರಿಂದ ಯಾರಿಗೆ, ಏನು ಹಾನಿ ಎಂದು ಬರೆಯಿರಿ.

ಕೈ ಬೀಸುವುದು, ಕುಳಿತಲ್ಲೇ ತೂಗಾಡುವುದು, ಗುನುಗುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಸಂತೋಷವಾದಾಗ ಜಿಗಿಯುವುದು ಇವುಗಳ ಎದುರು ಬರೆಯಲು ನಿಮಗೆ ಏನೂ ಸಿಗುವುದಿಲ್ಲ. ಜನ ನೋಡುತ್ತಾರೆ ಎಂಬುದು ಹಾನಿಯಲ್ಲ. ಮಗು ತನ್ನನ್ನು ಸಮಾಧಾನದಲ್ಲಿ ಇಟ್ಟುಕೊಳ್ಳುವುದೇ ಬಹುಮಟ್ಟಿಗೆ ಇವುಗಳ ಮೂಲಕ. ಇವನ್ನು ಬಲವಂತವಾಗಿ ತಡೆದರೆ ಅದುಮಿಟ್ಟ ಒತ್ತಡ ಬೇರೆ ರೂಪದಲ್ಲಿ ಹೊರಬರುತ್ತದೆ. ಇವು ಒಂದನೆಯ ಗುಂಪು. ಇವುಗಳಿಗೆ ಕ್ಷಮೆ ಕೇಳುವ ಅಗತ್ಯವಿಲ್ಲ, ತಿದ್ದುವ ಅಗತ್ಯವೂ ಇಲ್ಲ.

ಎರಡನೆಯ ಗುಂಪಿನಲ್ಲಿರುವುದು ಇತರರಿಗೆ ಕಿರಿಕಿರಿಯಾಗುವ, ಆದರೆ ಪೆಟ್ಟಾಗದ ವರ್ತನೆಗಳು: ಪಂಕ್ತಿಯಲ್ಲಿ ಪಕ್ಕದವರ ಎಲೆಯಿಂದ ಹಪ್ಪಳ ಎತ್ತಿಕೊಳ್ಳುವುದು, ಬಸ್ಸಿನಲ್ಲಿ ಮುಂದಿನ ಸೀಟನ್ನು ಒದೆಯುತ್ತಿರುವುದು, ಅಪರಿಚಿತರ ಜಡೆ ಅಥವಾ ಮೊಬೈಲ್ ಮುಟ್ಟುವುದು, ಆಸ್ಪತ್ರೆಯ ಮೌನದಲ್ಲಿ ಕಿರುಚುವುದು. ಇಲ್ಲಿ ಪಾಲಕರ ಕೆಲಸ ನಡುವೆ ಬರುವುದು, ತೊಂದರೆಯನ್ನು ಕಡಿಮೆ ಮಾಡುವುದು, ಬದಲಿ ವರ್ತನೆಯನ್ನು ನಿಧಾನವಾಗಿ ಕಲಿಸುವುದು. ಮೂರನೆಯದು ಅಪಾಯದ ಗುಂಪು: ಹೊಡೆಯುವುದು, ಕಚ್ಚುವುದು, ವಸ್ತು ಎಸೆಯುವುದು, ರಸ್ತೆಗೆ ಓಡುವುದು, ತಲೆ ಚಚ್ಚಿಕೊಳ್ಳುವುದು. ಇದರಲ್ಲಿ ಕಾಯಲು ಸಮಯವಿಲ್ಲ, ಮೊದಲು ತಡೆಯಬೇಕು.

ಈ ವಿಂಗಡಣೆಯನ್ನು ಮನೆಯವರೆಲ್ಲರೂ ಒಪ್ಪಿಕೊಳ್ಳುವುದು ಬಹಳ ಮುಖ್ಯ. ಕೈ ಬೀಸಿದ್ದಕ್ಕೆ ಅಜ್ಜ ಗದರಿಸಿ, ಪಕ್ಕದ ಮಗುವನ್ನು ತಳ್ಳಿದ್ದಕ್ಕೆ ಅಜ್ಜಿ ಮುದ್ದು ಮಾಡಿದರೆ ಮಗುವಿಗೆ ಲೋಕ ಇನ್ನಷ್ಟು ಅರ್ಥವಾಗದ ಹಾಗಾಗುತ್ತದೆ.

ಹೆಜ್ಜೆ 2: ಹಠವೋ ಮೆಲ್ಟ್‌ಡೌನೋ ಎಂದು ಗುರುತಿಸಿ

ಹಠ ಮಾಡುವ ಮಗುವಿಗೆ ಒಂದು ಗುರಿಯಿರುತ್ತದೆ. ಅಂಗಡಿಯ ಮುಂದೆ ಬಿದ್ದು ಹೊರಳುವಾಗಲೂ ಅಪ್ಪ ನೋಡುತ್ತಿದ್ದಾರೆಯೇ ಎಂದು ಅದು ಓರೆಗಣ್ಣಿನಲ್ಲಿ ಗಮನಿಸುತ್ತಿರುತ್ತದೆ. ಕೇಳಿದ್ದು ಕೈಗೆ ಬಂದರೆ ಅಳು ನಿಲ್ಲುತ್ತದೆ. ಮೆಲ್ಟ್‌ಡೌನ್ ಎಂದರೆ ಸದ್ದು, ಬೆಳಕು, ನೂಕುನುಗ್ಗಲು, ಅನಿರೀಕ್ಷಿತ ಬದಲಾವಣೆ ಇವುಗಳ ಒತ್ತಡ ಮಗುವಿನ ಸಹನೆಯ ಎಲ್ಲೆಯನ್ನು ಮೀರಿದಾಗ ಅದು ಹತೋಟಿ ಕಳೆದುಕೊಳ್ಳುವ ಸ್ಥಿತಿ. ಆಗ ಕೇಳಿದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ, ಯಾರು ನೋಡುತ್ತಿದ್ದಾರೆ ಎಂಬ ಪರಿವೆಯೂ ಇರುವುದಿಲ್ಲ. ಇಂದ್ರಿಯಗಳ ಈ ಅತಿಸೂಕ್ಷ್ಮತೆ ಪಾಲಕರ ಕಲ್ಪನೆಯಲ್ಲ. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯದ ಮಾನದಂಡಗಳಲ್ಲಿ ಅದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಲಾಗಿದೆ.

ಹಠಕ್ಕೆ ಮಣಿಯದೆ ಶಾಂತವಾಗಿ ನಿಲ್ಲುವುದು ಸರಿಯಾದ ಮದ್ದು. ಅದನ್ನೇ ಮೆಲ್ಟ್‌ಡೌನ್‌ನಲ್ಲಿರುವ ಮಗುವಿಗೆ ಪ್ರಯೋಗಿಸಿದರೆ ಕ್ರೌರ್ಯವಾಗುತ್ತದೆ. ಆಟಿಸಂ ಇರುವ ಮಗುವೂ ಎಲ್ಲ ಮಕ್ಕಳಂತೆ ಹಠ ಮಾಡಬಲ್ಲದು ಎಂಬುದನ್ನೂ, ಹಠವಾಗಿ ಶುರುವಾದದ್ದು ಅರ್ಧದಾರಿಯಲ್ಲಿ ಮೆಲ್ಟ್‌ಡೌನ್‌ಗೆ ತಿರುಗಬಹುದು ಎಂಬುದನ್ನೂ ಮರೆಯಬಾರದು.

ಹೆಜ್ಜೆ 3: ಎರಡು ವಾರ ಬರೆದಿಡಿ

ಪ್ರತಿ ಘಟನೆಗೂ ಮೂರು ಸಾಲು ಸಾಕು: ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಅಥವಾ ಏನು ತಪ್ಪಿತು. ಮೊದಲಿನದು (ಆ್ಯಂಟಿಸಿಡೆಂಟ್), ವರ್ತನೆ (ಬಿಹೇವಿಯರ್), ಪರಿಣಾಮ (ಕಾನ್ಸಿಕ್ವೆನ್ಸ್) ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳಿಂದ ವಿಶೇಷ ಶಿಕ್ಷಕರು ಇದನ್ನು ಎಬಿಸಿ ದಾಖಲೆ ಎನ್ನುತ್ತಾರೆ. ಹೀಗೆ ಬರೆಯುತ್ತ ಹೋದರೆ ವರ್ತನೆಯ ಹಿಂದೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಕಾಣುತ್ತದೆ: ಏನಾದರೂ ಬೇಕಾಗಿರುವುದು, ಯಾವುದರಿಂದಲೋ ತಪ್ಪಿಸಿಕೊಳ್ಳಬೇಕಾಗಿರುವುದು, ಯಾರದೋ ಗಮನ ಬೇಕಾಗಿರುವುದು, ಅಥವಾ ಆ ಕ್ರಿಯೆಯೇ ದೇಹಕ್ಕೆ ಹಿತವಾಗಿರುವುದು.

ಒಂದು ಉದಾಹರಣೆ ನೋಡೋಣ. ದೇವಸ್ಥಾನದಲ್ಲಿ ಮಗು ಯಾವಾಗಲೂ ಕಿರುಚುತ್ತದೆ ಎಂದು ಮನೆಯವರು ಹೇಳುತ್ತಾರೆ. ಬರೆದು ನೋಡಿದರೆ ಕಿರುಚುವುದು ಯಾವಾಗಲೂ ಅಲ್ಲ, ಮಂಗಳಾರತಿಯ ಹೊತ್ತಿಗೆ ಕರೆಂಟಿನ ನಗಾರಿ ಮತ್ತು ಗಂಟೆ ಮೊಳಗಿದಾಗ ಮಾತ್ರ ಎಂದು ತಿಳಿಯುತ್ತದೆ. ಮಾಲ್‌ನಲ್ಲಿ ರಂಪ ಮಾಡುವ ಮಗುವಿನ ಸಮಸ್ಯೆ ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಭೋರ್ಗರೆತವಾಗಿರಬಹುದು. ಕಾರಣ ಇಷ್ಟು ಚಿಕ್ಕದಾಗಿ ಸಿಕ್ಕಿದರೆ ಪರಿಹಾರವೂ ಅಷ್ಟೇ ಚಿಕ್ಕದಾಗುತ್ತದೆ, ದೇವಸ್ಥಾನವನ್ನೇ ಬಿಡಬೇಕಾಗಿಲ್ಲ.

ಇದ್ದಕ್ಕಿದ್ದಂತೆ ವರ್ತನೆ ಕೆಟ್ಟಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿ. ಮಾತು ಬಾರದ ಮಗು ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ರಾಹೀನತೆ ಇವುಗಳನ್ನು ಹೇಳಿಕೊಳ್ಳುವುದು ಕಚ್ಚುವುದರ, ತಲೆ ಚಚ್ಚಿಕೊಳ್ಳುವುದರ ಮೂಲಕವೇ ಆಗಿರಬಹುದು. ನೋವಿನಲ್ಲಿರುವ ಮಗುವಿಗೆ ಶಿಸ್ತು ಕಲಿಸಲು ಹೊರಡುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 4: ಹೊರಡುವ ಮೊದಲೇ ಅರ್ಧ ಕೆಲಸ ಮುಗಿಸಿ

ಎಲ್ಲಿಗೆ ಹೋಗುತ್ತೇವೆ, ಅಲ್ಲಿ ಏನೇನು ಆಗುತ್ತದೆ, ಯಾವಾಗ ಮನೆಗೆ ಬರುತ್ತೇವೆ ಎಂಬುದನ್ನು ಚಿತ್ರಗಳಲ್ಲಿ ತೋರಿಸಿ. ಮೊಬೈಲ್‌ನಲ್ಲಿ ತೆಗೆದ ಅದೇ ಬಸ್ ನಿಲ್ದಾಣದ, ಅದೇ ಅತ್ತೆಯ ಮನೆಯ ಫೋಟೋಗಳು ಅಚ್ಚಾದ ಚಿತ್ರಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. "ಮೊದಲು ಡಾಕ್ಟರ್, ಆಮೇಲೆ ಉಯ್ಯಾಲೆ" ಎಂಬಂತಹ ಎರಡು ಚಿತ್ರಗಳ ಕಾರ್ಡು ಚಿಕ್ಕ ಮಕ್ಕಳಿಗೆ ಸಾಕಾಗುತ್ತದೆ. ಆದರೆ ಹೇಳಿದ ಉಯ್ಯಾಲೆಯನ್ನು ತಪ್ಪಿಸಬಾರದು.

ಹೊಸ ಜಾಗವನ್ನು ತುಣುಕು ತುಣುಕಾಗಿ ಪರಿಚಯಿಸಿ. ಮೊದಲ ಸಲ ಬಿಎಂಟಿಸಿ ಬಸ್ಸಿನಲ್ಲಿ ಮಧ್ಯಾಹ್ನದ ಬಿಡುವಿನ ಹೊತ್ತಿನಲ್ಲಿ ಒಂದೇ ಸ್ಟಾಪು ಹೋಗಿ ಇಳಿದುಬನ್ನಿ. ಮಗು ಸಮಾಧಾನವಾಗಿರುವಾಗಲೇ ಹಿಂದಿರುಗುವುದು ಇಲ್ಲಿಯ ಗುಟ್ಟು. ಇನ್ನು ಸ್ವಲ್ಪ ಹೊತ್ತು ನೋಡೋಣ ಎಂಬ ಆಸೆಯಲ್ಲಿಯೇ ಅನೇಕ ಒಳ್ಳೆಯ ದಿನಗಳು ಹಾಳಾಗುತ್ತವೆ.

ಮದುವೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಈ ಮಕ್ಕಳ ತಂದೆತಾಯಿ ಮೊದಲು ಕೈಬಿಡುವುದೇ ಮದುವೆ ಮುಂಜಿಗಳನ್ನು. ಪುರೋಹಿತರು "ಗಟ್ಟಿಮೇಳ" ಎಂದ ಕೂಡಲೇ ನಾದಸ್ವರ, ಡೋಲು ಒಮ್ಮೆಲೇ ಮೊಳಗುತ್ತವೆ. ಇಷ್ಟು ನಿಖರವಾಗಿ ಮುಂಚೆಯೇ ಗೊತ್ತಿರುವ ಸದ್ದು ಇನ್ನೊಂದಿಲ್ಲ. ಲಗ್ನಪತ್ರಿಕೆಯಲ್ಲೇ ಅದರ ವೇಳೆ ಅಚ್ಚಾಗಿರುತ್ತದೆ. ಧಾರೆಗೆ ಕಾಲು ಗಂಟೆ ಮೊದಲೇ ಮಗುವನ್ನು ಹೊರಗೆ ಕರೆದೊಯ್ದು, ಸದ್ದಡಗಿದ ಮೇಲೆ ಒಳಗೆ ಬನ್ನಿ. ಛತ್ರದಲ್ಲಿ ವಧೂವರರ ಕಡೆಯವರಿಗೆ ಕೊಟ್ಟ ಕೋಣೆಗಳಲ್ಲಿ ಒಂದರ ಮೂಲೆಯನ್ನು ಮೊದಲೇ ಕೇಳಿ ಇರಿಸಿಕೊಳ್ಳಿ. ಊಟಕ್ಕೆ ಮೊದಲ ಪಂಕ್ತಿಯ ಕೊನೆಯ ಎಲೆ ಹಿಡಿಯಿರಿ: ಒಂದು ಪಕ್ಕದಲ್ಲಿ ನೀವು, ಇನ್ನೊಂದು ಪಕ್ಕದಲ್ಲಿ ಯಾರೂ ಇಲ್ಲ. ಮಗು ತಿನ್ನುವಂಥದ್ದು ಬಡಿಸುವ ಪಟ್ಟಿಯಲ್ಲಿ ಇಲ್ಲದಿದ್ದರೆ ಡಬ್ಬಿಯಲ್ಲಿ ಒಯ್ಯಿರಿ, ಬೀಗರು ಏನೆಂದುಕೊಂಡಾರು ಎಂದು ಯೋಚಿಸಬೇಡಿ.

ಚೀಲದಲ್ಲಿ ಕಿವಿ ಮುಚ್ಚುವ ಹೆಡ್‌ಫೋನ್, ನೀರು, ಇಷ್ಟದ ತಿಂಡಿ, ಒಂದು ಜೊತೆ ಬಟ್ಟೆ, ಕೈಯಲ್ಲಿ ಹಿಡಿಯುವ ನೆಚ್ಚಿನ ವಸ್ತು ಮತ್ತು ಮಗುವಿನ ಗುರುತಿನ ಚೀಟಿ ಇರಲಿ. ಸಾಧ್ಯವಾದಾಗಲೆಲ್ಲ ಇಬ್ಬರು ದೊಡ್ಡವರು ಹೋಗಿ, ಕೆಲಸ ಹಂಚಿಕೊಳ್ಳಿ: ಏನಾದರೂ ಆದರೆ ಒಬ್ಬರು ಮಗುವನ್ನು ನೋಡಿಕೊಳ್ಳುವುದು, ಇನ್ನೊಬ್ಬರು ಜನರೊಂದಿಗೆ ಮಾತನಾಡುವುದು. ಒಬ್ಬರೇ ಎರಡನ್ನೂ ಮಾಡಹೋದರೆ ಎರಡೂ ಕೆಡುತ್ತವೆ.

ಹೆಜ್ಜೆ 5: ಘಟನೆ ನಡೆಯುತ್ತಿರುವಾಗ

ಮೊದಲು ಪೆಟ್ಟಾಗದಂತೆ ನೋಡಿಕೊಳ್ಳಿ. ಗಾಜು, ಬಿಸಿ ಕಾಫಿ, ಚಿಕ್ಕ ಮಕ್ಕಳು ಹತ್ತಿರವಿದ್ದರೆ ಸರಿಸಿ. ಮಗುವನ್ನು ಎಳೆದಾಡುವುದಕ್ಕಿಂತ ಸುತ್ತಲಿನವರನ್ನು ದೂರ ಕಳುಹಿಸುವುದು ಅನೇಕ ಸಲ ಸುಲಭ. ರಸ್ತೆಗೆ ಓಡುವುದನ್ನು ಅಥವಾ ಇನ್ನೊಬ್ಬರಿಗೆ ಹೊಡೆಯುವುದನ್ನು ತಡೆಯಲು ಬೇಕಾದಷ್ಟು ಮಾತ್ರ ಹಿಡಿಯಿರಿ, ಅಪಾಯ ಕಳೆದ ಕೂಡಲೇ ಬಿಡಿ.

ಮಾತು ಕಡಿಮೆ ಮಾಡಿ. "ಯಾಕೆ ಹೀಗೆ ಮಾಡ್ತೀಯಾ, ಎಲ್ಲರೂ ನೋಡ್ತಿದ್ದಾರೆ" ಎಂಬ ಪ್ರಶ್ನೆಗಳು ಆ ಕ್ಷಣದಲ್ಲಿ ಇನ್ನಷ್ಟು ಸದ್ದು ಮಾತ್ರ. "ಬಾ, ಹೊರಗೆ" ಎಂಬಂತಹ ಎರಡೇ ಪದ, ತಗ್ಗಿದ ದನಿಯಲ್ಲಿ ಸಾಕು. ಹೊಡೆಯಬೇಡಿ, ಹೊಡೆತ ಒತ್ತಡದ ಮೇಲೆ ಒತ್ತಡ ಹೇರುತ್ತದೆ, ಜೊತೆಗೆ ಕೋಪ ಬಂದಾಗ ಕೈ ಎತ್ತಬಹುದು ಎಂಬ ಪಾಠವನ್ನೂ ಕಲಿಸುತ್ತದೆ. "ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಎಂದು ಹೆದರಿಸುವ ರೂಢಿಯನ್ನಂತೂ ಪೂರ್ತಿ ಬಿಡಿ: ನಾಳೆ ಮಗು ದಾರಿ ತಪ್ಪಿದರೆ ಅದನ್ನು ಹುಡುಕಿ ತರಬೇಕಾದವರು ಅವರೇ, ಆಗ ಮಗು ಅವರನ್ನು ಕಂಡು ಅಡಗಿಕೊಳ್ಳಬಾರದು.

ಸುತ್ತಲಿನವರಿಗೆ ಉದ್ದದ ವಿವರಣೆ ಬೇಡ. "ಮಗನಿಗೆ ಆಟಿಸಂ ಇದೆ, ಸದ್ದು ತಡೆಯೋಕೆ ಆಗ್ತಿಲ್ಲ. ಸ್ವಲ್ಪ ಜಾಗ ಬಿಟ್ಟುಕೊಡಿ, ಸಮಾಧಾನ ಆಗ್ತಾನೆ" ಎಂಬ ಮಾತನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡಿರಿ. ಜನರಿಗೆ ಬೇಕಾಗಿರುವುದು ತಾವು ಏನು ಮಾಡಬೇಕು ಎಂಬ ಸೂಚನೆ. ಅದು ಸಿಕ್ಕಿದರೆ ಬಹಳಷ್ಟು ಮಂದಿ ಸಹಕರಿಸುತ್ತಾರೆ. ಮೊಬೈಲ್ ಎತ್ತಿ ವಿಡಿಯೊ ಮಾಡುವವರಿಗೆ ನಿಲ್ಲಿಸಲು ನೇರವಾಗಿ ಹೇಳಿ.

ಹೆಜ್ಜೆ 6: ಇನ್ನೊಬ್ಬರಿಗೆ ನೋವಾದಾಗ ಮಾತಿನ ಸರದಿ

ಪಾರ್ಕಿನಲ್ಲಿ ನಿಮ್ಮ ಮಗ ಇನ್ನೊಂದು ಮಗುವನ್ನು ಉಯ್ಯಾಲೆಯಿಂದ ತಳ್ಳಿದ್ದಾನೆ ಎಂದುಕೊಳ್ಳಿ. ನಿಮ್ಮ ಮಗನನ್ನು ಜೊತೆಯವರ ಕೈಗೆ ಒಪ್ಪಿಸಿ, ಮೊದಲು ಹೋಗಬೇಕಾದದ್ದು ಬಿದ್ದ ಮಗುವಿನ ಬಳಿಗೆ. "ಪೆಟ್ಟಾಯ್ತಾ ಪುಟ್ಟ, ಎಲ್ಲಿ ತೋರಿಸು" ಎಂಬುದು ಮೊದಲ ಮಾತು. ಅದರ ತಾಯಿಗೆ "ನಮ್ಮ ಹುಡುಗ ತಳ್ಳಿದ, ತಪ್ಪಾಯ್ತು, ನಾನು ಹತ್ತಿರವೇ ಇರಬೇಕಿತ್ತು" ಎಂಬುದು ಎರಡನೆಯ ಮಾತು. ಆಟಿಸಂ ವಿಷಯ ಬರಬೇಕಾದದ್ದು ಇವೆರಡರ ಅನಂತರ, ಅದೂ ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿದ್ದರೆ. ಇದೇ ಮಾತನ್ನು ಮೊದಲು ಆಡಿದರೆ ನೊಂದವರ ಕಿವಿಗೆ ಅದು ಅವರ ಮಗುವಿನ ನೋವಿಗೆ ಬೆಲೆಯಿಲ್ಲ ಎಂಬಂತೆ ಕೇಳಿಸುತ್ತದೆ. ಹೇಳುವ ಸಂಗತಿ ಒಂದೇ ಆದರೂ ಸರದಿ ಬದಲಾದರೆ ಕ್ಷಮಾಪಣೆ ಸಮಜಾಯಿಷಿಯಾಗಿಬಿಡುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಈ ಕುಟುಂಬಗಳ ಬಗ್ಗೆ ಬೆಳೆಯುವ ಅಸಮಾಧಾನದ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಏನಾದರೂ ಒಡೆದಿದ್ದರೆ ಅದರ ಬೆಲೆ ಕೊಡಿ. ಅವರು ಬೇಡವೆಂದರೂ ಒಮ್ಮೆ ಒತ್ತಾಯಿಸಿ.

ಮಗುವಿನ ಪಾಲು ಏನು? ಆ ಬಿಸಿಯಲ್ಲಿ ಬಲವಂತವಾಗಿ "ಸಾರಿ" ಹೇಳಿಸುವುದು, ಕಾಲಿಗೆ ಬೀಳಿಸುವುದು ನೋಡುವವರ ತೃಪ್ತಿಗಷ್ಟೇ ಆಗುತ್ತದೆ. ಆದರೆ ಸಮಾಧಾನವಾದ ಮೇಲೆ, ತನ್ನ ಶಕ್ತಿಗೆ ತಕ್ಕಂತೆ ಮಗು ಪಾಲ್ಗೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ: ಚೆಲ್ಲಿದ ನೀರನ್ನು ನಿಮ್ಮೊಡನೆ ಒರೆಸುವುದು, ಬಿದ್ದ ಸಾಮಾನನ್ನು ಎತ್ತಿ ಶೆಲ್ಫಿಗೆ ಇಡುವುದು, ಮರುದಿನ ಆ ಮಗುವಿಗೆ ಒಂದು ಚಿತ್ರ ಕೊಟ್ಟುಬರುವುದು. ಹೊಣೆಯೆಂಬುದು ಮಾತಿನಲ್ಲಿ ಬರದ ಮಕ್ಕಳಿಗೂ ಕೈಕೆಲಸದಲ್ಲಿ ಬರುತ್ತದೆ.

ಹೆಜ್ಜೆ 7: ಬದಲಿ ದಾರಿ ಕಲಿಸಿ, ಬೇಗ ಶುರು ಮಾಡಿ

1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಸಂಶೋಧಕರು ತೋರಿಸಿದ ಒಂದು ಸಂಗತಿ ಇಂದಿಗೂ ಈ ಕ್ಷೇತ್ರದ ಆಧಾರವಾಗಿದೆ: ಮಗು ಯಾವುದಕ್ಕಾಗಿ ರಂಪ ಮಾಡುತ್ತದೆಯೋ ಅದನ್ನೇ ಕೇಳಿ ಪಡೆಯುವ ಸರಳ ದಾರಿಯನ್ನು ಕಲಿಸಿದರೆ ರಂಪ ಕಡಿಮೆಯಾಗುತ್ತದೆ. ಹಾಗಾಗಿ "ಸಾಕು", "ಹೊರಗೆ ಹೋಗೋಣ", "ಸಹಾಯ ಮಾಡಿ" ಈ ಮೂರನ್ನು ಮಾತಿನಲ್ಲೋ, ಸನ್ನೆಯಲ್ಲೋ, ಚಿತ್ರದ ಕಾರ್ಡಿನಲ್ಲೋ ಹೇಳಲು ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸಿ. ಹೊರಗೆ ಮಗು ಕಾರ್ಡು ತೋರಿಸಿದರೆ, ಊಟ ಅರ್ಧಕ್ಕೆ ನಿಂತಿದ್ದರೂ ಎದ್ದು ಹೊರಡಿ. ಕಾರ್ಡಿಗೆ ಬೆಲೆ ಸಿಗದಿದ್ದರೆ ಮಗು ಮತ್ತೆ ಕಿರುಚಾಟಕ್ಕೇ ಮರಳುತ್ತದೆ.

ಐದು ವರ್ಷದ ಮಗು ಅಪರಿಚಿತರನ್ನು ಅಪ್ಪಿಕೊಂಡರೆ ಜನ ನಗುತ್ತಾರೆ. ಹದಿನೈದರ ಹುಡುಗ ಅದನ್ನೇ ಮಾಡಿದರೆ ದೂರು ದಾಖಲಾಗಬಹುದು. ಆದ್ದರಿಂದ ಇಂದು ಮುದ್ದಾಗಿ ಕಾಣುವ ಪ್ರತಿಯೊಂದು ವರ್ತನೆಯನ್ನೂ ಅದು ಮೀಸೆ ಬಂದ ಹುಡುಗನಲ್ಲಿ ಅಥವಾ ಮೈನೆರೆದ ಹುಡುಗಿಯಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿಕೊಳ್ಳಿ. ಮನೆಯವರಿಗೆ ಅಪ್ಪುಗೆ, ಹೊರಗಿನವರಿಗೆ ನಮಸ್ಕಾರ ಎಂಬುದನ್ನು ನಾಲ್ಕೈದು ವರ್ಷಕ್ಕೇ ಕಲಿಸಿ. ಬಟ್ಟೆ ಬಿಚ್ಚುವುದು, ಮೈ ಮುಟ್ಟಿಕೊಳ್ಳುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಎಂಬುದನ್ನು ಚಿತ್ರಗಳ ಸಹಾಯದಿಂದ, ನಾಚಿಕೆಯಿಲ್ಲದ ಸಹಜ ದನಿಯಲ್ಲಿ ಹೇಳಿಕೊಡಿ. ತನ್ನ ಮೈಯನ್ನು ಬೇರೆಯವರು ಮುಟ್ಟಿದರೆ ಬೇಡವೆನ್ನುವುದನ್ನೂ ಇದರ ಜೊತೆಯಲ್ಲೇ ಕಲಿಸಬೇಕು, ಏಕೆಂದರೆ ಈ ಮಕ್ಕಳು ದೌರ್ಜನ್ಯಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಎಲ್ಲದಕ್ಕೂ ವಿಧೇಯವಾಗಿರುವಂತೆ ತರಬೇತಾದ ಮಗು ಸುರಕ್ಷಿತವಲ್ಲ.

ಹೆಜ್ಜೆ 8: ಓಡಿಹೋಗುವ ಮಕ್ಕಳಿಗೆ ಬೇರೆಯೇ ಸಿದ್ಧತೆ

ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳ ಪಾಲಕರಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೆ ತಮ್ಮ ಮಗು ಒಮ್ಮೆಯಾದರೂ ಕಣ್ತಪ್ಪಿಸಿ ಹೋಗಲು ಯತ್ನಿಸಿದೆ ಎಂದಿದ್ದರು. ಹೀಗೆ ಹೋದ ಮಕ್ಕಳಿಗೆ ವಾಹನ ಮತ್ತು ನೀರು ಎರಡೂ ದೊಡ್ಡ ಅಪಾಯಗಳು. ಅನೇಕ ಮಕ್ಕಳಿಗೆ ನೀರಿನ ಸೆಳೆತ ಹೆಚ್ಚು. ಹತ್ತಿರದ ಕೆರೆ, ಬಾವಿ, ತೆರೆದ ಸಂಪು, ಕೃಷಿ ಹೊಂಡ ಎಲ್ಲೆಲ್ಲಿವೆ ಎಂದು ತಿಳಿದಿರಿ. ಮಗು ಕಾಣದಾದರೆ ಮೊದಲು ಅಲ್ಲಿಗೇ ಧಾವಿಸಿ. ತುರ್ತು ಸಹಾಯದ ಸಂಖ್ಯೆ 112ಕ್ಕೆ ಕರೆ ಮಾಡಲು ಅರ್ಧ ಗಂಟೆ ಹುಡುಕಿ ನೋಡೋಣ ಎಂದು ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಮೊಬೈಲ್ ಸಂಖ್ಯೆಯನ್ನು ಲಾಕೆಟ್‌ನಲ್ಲೋ, ಅಂಗಿಯ ಒಳಮಗ್ಗುಲಿನಲ್ಲೋ ಬರೆದಿಡಿ. ಜಾತ್ರೆಗೆ ಹೋಗುವ ದಿನ ಬೆಳಿಗ್ಗೆಯೇ, ಹಾಕಿದ ಬಟ್ಟೆ ಕಾಣುವಂತೆ ಒಂದು ಫೋಟೋ ತೆಗೆದುಕೊಳ್ಳಿ.

ಹೆಜ್ಜೆ 9: ಕಾನೂನು ಮತ್ತು ಕಾಗದಪತ್ರ

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ವೈಕಲ್ಯವಿರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದರ ಅರ್ಜಿಗೆ ನೆರವಾಗುತ್ತಾರೆ. ತಪಾಸಣೆ ಇನ್ನೂ ಆಗಿಲ್ಲದವರು ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು.

ಇದೇ ಅಧಿನಿಯಮದ 92ನೆಯ ಕಲಮಿನ ಪ್ರಕಾರ, ವೈಕಲ್ಯವಿರುವ ವ್ಯಕ್ತಿಯನ್ನು ಅವಮಾನಿಸುವ ಉದ್ದೇಶದಿಂದ ನಾಲ್ಕು ಜನರೆದುರು ಬೇಕೆಂದೇ ನಿಂದಿಸುವುದು ಅಥವಾ ಬೆದರಿಸುವುದು ಅಪರಾಧ. ಶಿಕ್ಷೆ ಕನಿಷ್ಠ ಆರು ತಿಂಗಳಿಂದ ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಬಸ್ಸಿನಲ್ಲಿ ಮುಖ ಸಿಂಡರಿಸಿದವರ ಮೇಲೆಲ್ಲ ಇದನ್ನು ಝಳಪಿಸುವುದು ವಿವೇಕವಲ್ಲ, ಆದರೆ ಇಂತಹದೊಂದು ಕಲಮು ಇದೆಯೆಂಬ ಅರಿವು ಬೆನ್ನು ನೇರವಾಗಿಸುತ್ತದೆ. 2022ರ ಮೇ ತಿಂಗಳಲ್ಲಿ ರಾಂಚಿ ವಿಮಾನ ನಿಲ್ದಾಣದಲ್ಲಿ ಗಾಬರಿಗೊಂಡಿದ್ದ ವಿಶೇಷ ಅಗತ್ಯವುಳ್ಳ ಬಾಲಕನೊಬ್ಬನನ್ನು ವಿಮಾನ ಹತ್ತಿಸಲು ನಿರಾಕರಿಸಿದ ಸಂಸ್ಥೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 5 ಲಕ್ಷ ರೂಪಾಯಿ ದಂಡ ಹಾಕಿತು. ಅನಂತರ ವೈಕಲ್ಯದ ಕಾರಣಕ್ಕೆ ಪ್ರಯಾಣ ನಿರಾಕರಿಸುವಂತಿಲ್ಲ ಎಂದು ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿತು. ಆ ಸಿಬ್ಬಂದಿ ಕೊಂಚ ಸಮಾಧಾನದಿಂದ ನಡೆದುಕೊಂಡಿದ್ದರೆ ಪರಿಸ್ಥಿತಿ ತಿಳಿಯಾಗುತ್ತಿತ್ತು ಎಂಬುದೂ ಆಗ ನಿರ್ದೇಶನಾಲಯ ಕಂಡುಕೊಂಡ ಸಂಗತಿ.

ಹೊಣೆಯ ಬದಿಯಲ್ಲಿ, ಭಾರತೀಯ ನ್ಯಾಯ ಸಂಹಿತೆಯ 20ನೆಯ ಕಲಮಿನಂತೆ ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. ಏಳರಿಂದ ಹನ್ನೆರಡರ ನಡುವೆ, ತನ್ನ ಕೃತ್ಯದ ಪರಿಣಾಮವನ್ನು ತಿಳಿಯುವಷ್ಟು ಪ್ರಬುದ್ಧತೆ ಇಲ್ಲದ ಮಗುವಿಗೆ 21ನೆಯ ಕಲಮು ರಕ್ಷಣೆ ಕೊಡುತ್ತದೆ. ಮಗು ಮಾಡಿದ ಹಾನಿಗೆ ತಂದೆತಾಯಿ ತಾವಾಗಿಯೇ ಹೊಣೆಗಾರರಾಗುವುದಿಲ್ಲ. ಆದರೆ ಮಗು ಕಲ್ಲೆಸೆಯುತ್ತದೆ ಎಂದು ಗೊತ್ತಿದ್ದೂ ಕಾರುಗಳು ನಿಂತಲ್ಲಿ ಅದನ್ನು ಒಂಟಿಯಾಗಿ ಬಿಟ್ಟರೆ, ಪ್ರಶ್ನೆಗೆ ಒಳಗಾಗುವುದು ಅವರ ಸ್ವಂತ ನಿರ್ಲಕ್ಷ್ಯ.

ಹೆಜ್ಜೆ 10: ಒಡಹುಟ್ಟಿದವರು ಮತ್ತು ಹದಿನೆಂಟರ ಹೊಸ್ತಿಲು

ಅಕ್ಕನನ್ನೋ ತಮ್ಮನನ್ನೋ ಕಾವಲಿಗೆ ನಿಲ್ಲಿಸಬೇಡಿ. "ಪುಟ್ಟನ್ನ ನೋಡ್ಕೋ" ಎಂದು ಒಂದು ಕ್ಷಣ ಹೇಳುವುದು ಬೇರೆ. ಪ್ರತಿ ಸಮಾರಂಭದಲ್ಲೂ ಅವಳ ಆಟ ತಪ್ಪುವುದು ಬೇರೆ. ಶಾಲೆಯ ವಾರ್ಷಿಕೋತ್ಸವದಂತಹ ಅವಳ ದಿನಗಳಲ್ಲಿ ತಂದೆತಾಯಿಯಲ್ಲಿ ಒಬ್ಬರಾದರೂ ಪೂರ್ತಿ ಅವಳಿಗಾಗಿಯೇ ಹೋಗಬೇಕು, ಕಾರ್ಯಕ್ರಮ ಮುಗಿಯುವವರೆಗೆ ಕುಳಿತಿರಬೇಕು.

ಹದಿನೆಂಟು ತುಂಬಿದ ಮೇಲೆ, ಮಗನ ಸಾಮರ್ಥ್ಯ ಏನೇ ಇರಲಿ, ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪಾಲಕರಾಗಿ (ಗಾರ್ಡಿಯನ್, ಅಂದರೆ ಅವನ ಪರವಾಗಿ ನಿರ್ಧರಿಸುವ ಅಧಿಕಾರವುಳ್ಳವರಾಗಿ) ಉಳಿಯುವುದಿಲ್ಲ. ಸ್ವಂತ ನಿರ್ಧಾರ ಕೈಗೊಳ್ಳಲು ಹೆಚ್ಚಿನ ಬೆಂಬಲ ಬೇಕಾದವರಿಗೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಎಲ್ಲರಿಗೂ ಇದು ಬೇಕಾಗುವುದಿಲ್ಲ. ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಬಲ್ಲ ಯುವಕನ ಮೇಲೆ ಪಾಲಕತ್ವ ಹೇರುವುದು ಅವನ ಹಕ್ಕನ್ನು ಕಸಿದಂತೆ. ಅರ್ಜಿ ಹಾಕಬೇಕೆ ಬೇಡವೆ ಎಂಬುದನ್ನು ಹದಿನೇಳನೆಯ ವಯಸ್ಸಿನಲ್ಲೇ, ಅವನನ್ನೂ ಕೂರಿಸಿಕೊಂಡು, ಅವನನ್ನು ಬಲ್ಲ ಶಿಕ್ಷಕರೊಂದಿಗೆ ಮಾತನಾಡಿ ತೀರ್ಮಾನಿಸಿ.